ಕೇಳ್ತಕೋಡಿಗೆ ಆ ಹೆಸರು ಬಂದದ್ದು

ಹೊನ್ನಳಿವೆಯಲ್ಲಿ ಬಸ್ಸಿಳಿದು, ಮೀನುಪೇಟೆಯನ್ನು ದಾಟಿ, ಹೊಳೆ ಸಮುದ್ರ ಸೇರುವ ಕಡೆಗೆ ನಡೆದರೆ ಮರಳ ದಂಡೆಯಿಂದ ಒಂದು ಕಾಲುದಾರಿ ಹೊರಡುತ್ತದೆ. ಸ್ವಲ್ಪ ದೂರ ಅಲೆಗಳ ಪಕ್ಕದಲ್ಲೇ ಸಾಗಿ, ಸುರಹೊನ್ನೆ ಮರಗಳ ತೋಪನ್ನು ಹೊಕ್ಕು, ಕೆಮ್ಮಣ್ಣಿನ ಗುಡ್ಡವನ್ನೇರಿ, ಕಡಲಿಗೆ ಚಾಚಿಕೊಂಡ ಕಲ್ಲಿನ ಕೋಡಿಯನ್ನು ಬಳಸಿ, ಮತ್ತೆ ಕಾಡಿನೊಳಗೆ ಇಳಿದು ಊರಕೆರೆಯ ಕಟ್ಟೆಯನ್ನು ಮುಟ್ಟುತ್ತದೆ. ಬೆಳಗಿನ ತಂಪಿನಲ್ಲಿ ಈ ದಾರಿಯಲ್ಲಿ ಓಡುವುದಕ್ಕೆಂದೇ ದೂರದ ಊರುಗಳಿಂದ ಜನ ಬರುತ್ತಾರೆ. ಬಣ್ಣದ ಬೂಟು ತೊಟ್ಟ ತರುಣ ತರುಣಿಯರು, ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದರೆಂದು ಏದುಸಿರು ಬಿಡುತ್ತ ಬರುವ ನಡುವಯಸ್ಸಿನವರು, ಎಲ್ಲರೂ ಒಂದು ಕಡೆ ಕಡಲು ಇನ್ನೊಂದು ಕಡೆ ಕಾಡು ಇರುವ ಇಂಥ ದಾರಿ ಬೇರೆಲ್ಲೂ ಸಿಗದು ಎನ್ನುತ್ತಾರೆ. ಕೋಡಿಯ ತಿರುವಿನಲ್ಲಿ ನೆಟ್ಟ ಫಲಕದ ಮೇಲೆ ‘ಕೇಳ್ತಕೋಡಿ’ ಎಂದು ಬರೆದಿದೆ. ಅಲ್ಲಿ ಕೇದಗೆಯ ಪೊದೆಗಳಿರುವುದರಿಂದ ಕೇದಗೆಕೋಡಿ ಎಂಬುದೇ ಹೀಗಾಯಿತೆಂದು ಬಗೆಯುವವರುಂಟು. ಊರಿನ ಹಿರಿಯರು ಅದನ್ನು ಒಪ್ಪುವುದಿಲ್ಲ. ಆ ಹೆಸರು ಒಬ್ಬ ಓಟಗಾರನ ಬಾಯಿಂದ ಹೊರಟದ್ದು, ಆ ಒಂದು ಮಾತನ್ನು ಆಡುವುದಕ್ಕೆ ಅವನಿಗೆ ವರ್ಷವೇ ಹಿಡಿಯಿತು ಎನ್ನುತ್ತಾರೆ.

ಹಿಂದೆ ಒಮ್ಮೆ, ಹೊನ್ನಳಿವೆ ಸಣ್ಣದೊಂದು ನಾಯಕ ಮನೆತನದ ಕೈಯಲ್ಲಿತ್ತು. ಹೆಜ್ಜೆಹೆಜ್ಜೆಗೆ ಹೊಳೆ ಹಳ್ಳ, ಕಡಿದಾದ ಗುಡ್ಡ. ಕುದುರೆ ಓಡುವ ಸೀಮೆಯಲ್ಲ. ಹೀಗಾಗಿ ನಾಯಕರ ಸುದ್ದಿಯನ್ನು ಊರಿಂದೂರಿಗೆ ಮುಟ್ಟಿಸುತ್ತಿದ್ದವರು ಕಾಲೋಟದ ಹರಿಕಾರರು. ಪ್ರತಿ ಕಾರ್ತಿಕ ಹುಣ್ಣಿಮೆಯ ಬೆಳಿಗ್ಗೆ ಇದೇ ದಾರಿಯಲ್ಲಿ ಓಟದ ಪಂದ್ಯ ನಡೆಯುತ್ತಿತ್ತು. ಅಳಿವೆಯ ಮರಳಿನಿಂದ ಹೊರಟು ಕೆರೆಯ ಕಟ್ಟೆಯನ್ನು ಮೊದಲು ಮುಟ್ಟಿದವನೇ ಆ ವರ್ಷದ ಹಿರಿಯ ಹರಿಕಾರ. ಅವನ ಬಲಗಾಲಿಗೆ ನಾಯಕರು ತಮ್ಮ ಕೈಯಾರೆ ಪೆಂಡೆಯವೆಂಬ ಬೆಳ್ಳಿಯ ಕಾಲಕಡಗ ತೊಡಿಸುತ್ತಿದ್ದರು. ಅಳಿವೆಯ ಪಕ್ಕದ ಕೊಪ್ಪದಲ್ಲಿ ಹುಟ್ಟಿದ ಬೊಮ್ಮುವಿನ ಕಾಲಿನಿಂದ ಆ ಪೆಂಡೆಯ ಹಲವು ವರ್ಷಗಳಿಂದ ಇಳಿದಿರಲಿಲ್ಲ. ಕೆಟ್ಟವನೇನಲ್ಲ ಬೊಮ್ಮು. ಮಳೆಗಾಲದ ಹೊಳೆಯಲ್ಲಿ ದೋಣಿ ಮಗುಚಿದಾಗ ಈಜಿ ಹೋಗಿ ಜನರನ್ನು ಎಳೆದು ತಂದವನು. ಆದರೆ ಅವನು ನಡೆದು ಬರುವಾಗ ಪೆಂಡೆಯದ ಸದ್ದು ಕೇಳಿ ಹೆಂಗಸರು ಮಕ್ಕಳು ಬಾಗಿಲಿಗೆ ಬರುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಅದಿಲ್ಲದೆ ಊರೊಳಗೆ ಹೇಗೆ ನಡೆಯಬೇಕೆಂಬುದೇ ಅವನಿಗೆ ಮರೆತಂತಾಗಿತ್ತು.

ಆ ವರ್ಷ ಪಂದ್ಯಕ್ಕೆ ಘಟ್ಟದ ಮೇಲಿನಿಂದ ಬಿಕ್ಕು ಎಂಬ ಕುಂಬ್ರಿ ಬೇಸಾಯದವನೊಬ್ಬ ಇಳಿದು ಬಂದ. ಕಾಡು ಕಡಿದು ರಾಗಿ ಬಿತ್ತುವ ಜನ; ಕಡಲನ್ನು ಅವನು ನೋಡಿದ್ದು ಅದೇ ಮೊದಲು. ಹಿಂದಿನ ದಿನ ಅಲೆ ಬಂದು ಪಾದ ಮುಟ್ಟಿದಾಗ ಅವನು ಹಾರಿ ಹಿಂದೆ ಸರಿದದ್ದನ್ನು ಕಂಡು ಊರವರೆಲ್ಲ ನಕ್ಕಿದ್ದರು. ಬೊಮ್ಮು ನಗಲಿಲ್ಲ. ಅವನ ಕಣ್ಣು ಬಿಕ್ಕುವಿನ ಕಣಕಾಲುಗಳ ಮೇಲಿತ್ತು. ಗುಡ್ಡ ಹತ್ತಿ ಇಳಿದೇ ಬೆಳೆದ ಕಾಲುಗಳವು.

ಪಂದ್ಯದ ಬೆಳಿಗ್ಗೆ ಮರಳಿನಲ್ಲಿ ಬೊಮ್ಮು ಮುಂದಿದ್ದ. ಗುಡ್ಡದ ಏರಿನಲ್ಲಿ ಬಿಕ್ಕು ಹತ್ತಿರ ಬಂದ. ಅವನ ಉಸಿರು ಬೆನ್ನಿಗೇ ತಾಗುವಂತಿತ್ತು. ಬೊಮ್ಮು ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗಿಳಿಸಿ ತುಸು ಅಂತರ ಗಳಿಸಿ ಕೋಡಿಯ ತಿರುವಿಗೆ ಬಂದ. ಕೋಡಿಯ ಕೆಳಗೆ, ದಡದಿಂದ ಸ್ವಲ್ಪ ಒಳಗೆ, ಒಂದು ಚಪ್ಪಟೆ ಬಂಡೆಯಿದೆ. ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿನಲ್ಲಿ ಅಲ್ಲಿಗೆ ನಡೆದು ಹೋಗಬಹುದು. ಭರತ ಏರಿತೆಂದರೆ ನಡುವಿನ ಸಂದಿನಲ್ಲಿ ನೀರು ಹೊಳೆಯ ಹಾಗೆ ಸೆಳೆಯುತ್ತದೆ. ಹುಣ್ಣಿಮೆಯ ಭರತವಂತೂ ಬಂಡೆಯನ್ನೇ ನುಂಗುತ್ತದೆ. ಮೀನುಗಾರರ ಕೇರಿಯ ಸುಕ್ರಜ್ಜಿ ತನ್ನ ಸೊಸೆ ದೇಮಿಯೊಡನೆ ಬೆಳಕು ಹರಿಯುವಾಗಲೇ ಅಲ್ಲಿಗೆ ಚಿಪ್ಪು ಕೀಳಲು ಹೋಗಿದ್ದಳು. ಮುದುಕಿಯ ಅಂಗಾಲು ಕಲ್ಲಿಗೆ ಕೊಯ್ದು ಅವಳು ಅಲ್ಲೇ ಕುಸಿದಿದ್ದಳು. ಸೊಸೆ ಅವಳನ್ನು ಬಿಟ್ಟು ಬರಲಾರದೆ ಉಳಿದಿದ್ದಳು. ನೀರು ಸೊಂಟಕ್ಕೆ ಬಂದಿತ್ತು.

“ತಮಾ! ನಿಲ್ಲೋ ತಮಾ! ಇತ್ಲಾಗೆ ನೋಡೋ!” ಎಂದು ಸುಕ್ರಜ್ಜಿ ಕೂಗಿದಳು.

ಬೊಮ್ಮು ನೋಡಿದ. ಅತ್ತೆಯನ್ನು ತಬ್ಬಿಕೊಂಡು ನಿಂತ ದೇಮಿಯ ಕಣ್ಣಿಗೆ ಅವನ ಕಣ್ಣು ಕೂಡಿತು. ಅವನು ಧುಮುಕಿದ್ದರೆ ನಾಲ್ಕು ಸಲ ಕೈ ಬೀಸುವಷ್ಟೇ ದೂರ. ಕಟ್ಟೆ ಮುಟ್ಟಿಬಂದು ಎತ್ತಿದರಾಯಿತು, ನೀರು ಅಷ್ಟು ಬೇಗ ಏರುವುದಿಲ್ಲ ಎಂದುಕೊಂಡ. ಹಿಂದೆ ಬರುವವನು ಇದ್ದಾನಲ್ಲ ಎಂದುಕೊಂಡ. ಕಡಲಿನ ಮಗನಾದ ಅವನಿಗೆ ಹುಣ್ಣಿಮೆಯ ಭರತ ಹೇಗೆ ಏರುತ್ತದೆಂಬುದೂ, ಹಿಂದೆ ಬರುವವನಿಗೆ ಈಜು ಬಾರದೆಂಬುದೂ ಗೊತ್ತಿತ್ತು. ಎರಡನ್ನೂ ಗೊತ್ತಿಲ್ಲದಂತೆ ಮಾಡಿಕೊಂಡು, ಮುಖ ತಿರುಗಿಸಿ, ಅವನು ಕಾಡಿನ ಇಳಿಜಾರಿಗೆ ಕಾಲಿಟ್ಟ.

ಕಟ್ಟೆಯಲ್ಲಿ ಡೋಲು ಮೊಳಗಿತು. ನಾಯಕರು ಬಗ್ಗಿ ಪೆಂಡೆಯದ ತಿರುಪು ಬಿಗಿಯುವಾಗ ಬೊಮ್ಮು ಬಾಯಿ ತೆರೆದ. ಆಗಲೇ ಯಾರೋ ಹಾರ ಹಾಕಿದರು, ಯಾರೋ ಭುಜ ತಟ್ಟಿದರು, ಬಾಯಿ ಮುಚ್ಚಿತು. ಘಟ್ಟದವನು ಎಲ್ಲಿ ಎಂದು ಜನ ದಾರಿ ನೋಡಿದರು. “ಅಲೆ ಎಣಿಸ್ತಾ ಕೂತನೋ ಏನೋ” ಎಂದು ಒಬ್ಬ ಅಂದದ್ದಕ್ಕೆ ಎಲ್ಲರೂ ನಕ್ಕರು. ಬಹಳ ಹೊತ್ತಾದ ಮೇಲೆ ಕಾಡಿನೊಳಗಿಂದ ಬಿಕ್ಕು ಬಂದ. ಮೈಯೆಲ್ಲ ತೊಯ್ದು, ಸೊಂಟದಲ್ಲಿ ಬಳ್ಳಿಯ ಬಾಸುಂಡೆ ಎದ್ದು, ಬೆನ್ನಿನ ಮೇಲೆ ದೇಮಿಯನ್ನು ಹೊತ್ತು ಬಂದ. ಹಿಂದೆ ಉಳಿದ ಓಟಗಾರರು ತಲೆ ತಗ್ಗಿಸಿ ಬರುತ್ತಿದ್ದರು. ಬಿಕ್ಕು ಕಾಡಿನ ಉದ್ದ ಬಳ್ಳಿಯೊಂದನ್ನು ಕಿತ್ತು, ಒಂದು ತುದಿಯನ್ನು ಮರಕ್ಕೆ ಬಿಗಿದು, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು, ತಾನು ಹೆದರುವ ಆ ನೀರಿಗೆ ಇಳಿದಿದ್ದ. ಅವನು ಬಂಡೆ ಮುಟ್ಟುವ ಮೊದಲೇ ಒಂದು ದೊಡ್ಡ ಅಲೆ ಸುಕ್ರಜ್ಜಿಯನ್ನು ಸೊಸೆಯ ತೋಳಿನಿಂದ ಕಿತ್ತುಕೊಂಡು ಹೋಗಿತ್ತು. ಆಮೇಲೆ ಬಂದವರು ಬಳ್ಳಿ ಜಗ್ಗಿ ಇಬ್ಬರನ್ನು ದಡಕ್ಕೆಳೆದಿದ್ದರು.

ಡೋಲು ನಿಂತಿತು. ನಾಯಕರು ಬೊಮ್ಮುವಿನ ಕಡೆ ತಿರುಗಿ, “ನೀನೂ ಅದೇ ದಾರಿಯಲ್ಲಿ ಬಂದೆಯಲ್ಲ?” ಎಂದರು. ಬೊಮ್ಮು ಏನನ್ನಾದರೂ ಹೇಳುವ ಮೊದಲೇ ಬಿಕ್ಕು ಕೈಮುಗಿದು ನುಡಿದ: “ಗಾಳಿ ಆಚೆ ಬೀಸ್ತಿತ್ತು ಒಡೆಯಾ. ಅವನಿಗೆ ಕೇಳಿರಲಿಕ್ಕಿಲ್ಲ. ಕೇಳಿದ್ರೆ ಬಿಟ್ಟು ಬರುವವನೇ ಅವನು?” ಎಲ್ಲರೂ ಬೊಮ್ಮುವಿನ ಮುಖ ನೋಡಿದರು. ಬೊಮ್ಮು ಹೌದೆಂಬಂತೆ ತಲೆಯಾಡಿಸಿದ. ನೆಲದ ಮೇಲೆ ಕೂತಿದ್ದ ದೇಮಿ ತಲೆಯೆತ್ತಿ ಅವನನ್ನೊಮ್ಮೆ ನೋಡಿದಳು.

ಅಂದಿನಿಂದ ಅವನಿಗೆ ಊರೊಳಗೆ ನಡೆಯುವುದು ಕಷ್ಟವಾಯಿತು. ಪೆಂಡೆಯ ಸದ್ದು ಮಾಡದಿರಲೆಂದು ಅದಕ್ಕೆ ಬಟ್ಟೆ ಸುತ್ತಿದ. ಕಾಲಿಗೆ ಗಾಯವೇ ಎಂದು ಜನ ಕೇಳಿದರು. ಎದುರಿಗೆ ಬಂದವರು ಎಂದಿನಂತೆ ಪ್ರೀತಿಯಿಂದ ಮಾತಾಡಿಸುತ್ತಿದ್ದುದೇ ಅವನಿಗೆ ಹೆಚ್ಚು ಸುಡುತ್ತಿತ್ತು. ಇವರಿಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದು ಒಳಗೊಂದು ದನಿ ಬಡಿದುಕೊಳ್ಳುತ್ತಿತ್ತು. ಮೀನಿನ ಬುಟ್ಟಿ ಹೊತ್ತ ದೇಮಿ ದೂರದಲ್ಲಿ ಕಂಡರೆ ಅವನು ಗದ್ದೆಗಿಳಿದು ಸುತ್ತು ಹಾಕಿ ಹೋಗುತ್ತಿದ್ದ. ಅವಳು ಇಂದು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಕಾದ. ಅವಳು ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅನಿಸತೊಡಗಿದ ದಿನ, ಒಂದು ಮಧ್ಯಾಹ್ನ, ಅವನು ಅವಳ ಅಂಗಳದ ಅಂಚಿಗೆ ಹೋಗಿ ನಿಂತ. ದೇಮಿ ಒಣಮೀನು ಮಗುಚುತ್ತಿದ್ದಳು.

“ಎಂತಕ್ಕೆ ಬಂದೆ?”

“ನೀನು ನೋಡಿದ್ದೆ ಅಲ್ವಾ?”

“ನೋಡಿದ್ದೆ.”

“ಮತ್ತೆ ಊರಿಗೆ ಎಂತಕ್ಕೆ ಹೇಳಲಿಲ್ಲ?”

ದೇಮಿ ಕೈಯಲ್ಲಿದ್ದ ಮೀನನ್ನು ಚಾಪೆಯ ಮೇಲಿಟ್ಟಳು. “ನಾನು ಹೇಳಿದ್ರೆ ಅದು ನನ್ನ ದೂರಾಗ್ತದೆ. ನೀನು ಇಲ್ಲ ಅಂತೀಯ, ಅರ್ಧ ಊರು ನಿನ್ನ ಕಡೆ ನಿಲ್ತದೆ. ಅತ್ತೆ ಸತ್ತದ್ದು ಬರೀ ಜಗಳದ ಮಾತಾಗ್ತದೆ. ನಿನ್ನ ಬಾಯಲ್ಲಿ ಇರೂದನ್ನ ನೀನೇ ಉಗುಳಬೇಕು ಬೊಮ್ಮು. ನಾ ತೆಗೆದುಕೊಡೂದಲ್ಲ.” ಅಷ್ಟು ಹೇಳಿ ಅವಳು ಮತ್ತೆ ಮೀನಿನ ಕಡೆ ತಿರುಗಿದಳು. ನೀರು ಬೇಕೇ ಎಂದು ಕೇಳಲಿಲ್ಲ. ಹೋಗು ಎಂದೂ ಹೇಳಲಿಲ್ಲ.

ಮರುವರ್ಷದ ಕಾರ್ತಿಕ ಹುಣ್ಣಿಮೆಗೆ ಬಿಕ್ಕು ಮತ್ತೆ ಘಟ್ಟ ಇಳಿದು ಬಂದ. ಬೊಮ್ಮುವನ್ನು ಕಂಡವನೇ ಹಳೆಯ ಗೆಳೆಯನನ್ನು ಕಂಡಂತೆ ಅಪ್ಪಿಕೊಂಡ. ಬೊಮ್ಮುವಿನ ತೋಳುಗಳು ಮೇಲೇಳಲಿಲ್ಲ. ಓಟ ಶುರುವಾಯಿತು. ಮರಳು, ತೋಪು, ಏರು ದಾಟಿ ಕೋಡಿಯ ತಿರುವಿಗೆ ಬರುವಾಗ ಬೊಮ್ಮು ಎಂದಿಗಿಂತ ಬಹಳ ಮುಂದಿದ್ದ. ಅಲ್ಲಿಗೆ ಬಂದವನು ನಿಂತುಬಿಟ್ಟ. ಬಿಕ್ಕು ಓಡಿಬಂದು, “ಮುಳ್ಳು ತಾಗಿತೋ?” ಎಂದು ತಾನೂ ನಿಂತು ಅವನ ಕಾಲ ಬಳಿ ಕೂತ. ಉಳಿದವರು ಬಂದು ನಿಂತರು. ಗೆಲ್ಲುವವನೇ ನಿಂತ ಮೇಲೆ ಮುಂದೆ ಹೋಗಲು ಯಾರಿಗೂ ತೋಚಲಿಲ್ಲ. ಸುದ್ದಿ ಕಟ್ಟೆಗೆ ಹೋಯಿತು. ನಾಯಕರು ಬಂದರು, ಕೇರಿಯ ಜನ ಬಂದರು, ದೇಮಿಯೂ ಬಂದಳು. ಬೊಮ್ಮು ಬಂಡೆಯ ಕಡೆಗೆ ಕೈ ತೋರಿಸಿ, ಎಲ್ಲರೂ ಕೇಳುವಂತೆ, “ನಂಗೆ ಕೇಳಿತ್ತು” ಎಂದ. ಯಾರಿಗೂ ಅರ್ಥವಾಗಲಿಲ್ಲ. “ಆವತ್ತು, ಸುಕ್ರಜ್ಜಿ ಕೂಗಿದ್ದು. ನಂಗೆ ಕೇಳಿತ್ತು. ನೋಡಿದೆ. ನೋಡಿ ಓಡಿದೆ.”

ಅವನ ಕಾಲ ಬಳಿ ಕೂತಿದ್ದ ಬಿಕ್ಕು ಎದ್ದು ನಿಂತ. ಅವನ ಮುಖ ಕಪ್ಪಿಟ್ಟಿತ್ತು. “ನಾನು ನಿನ್ನ ಪರವಾಗಿ ಮಾತಾಡಿದೆ. ಸತ್ತವಳ ಸೊಸೆಯ ಮುಂದೆ ನನ್ನ ಬಾಯಲ್ಲಿ ಸುಳ್ಳು ಆಡಿಸಿದೆಯಲ್ಲೋ” ಎಂದ. ಕಟ್ಟೆಯ ಕಡೆಗೂ ಹೋಗದೆ, ಬಂದ ದಾರಿಯಲ್ಲೇ ಇಳಿದು ಹೋದ. ಅವನು ಮತ್ತೆಂದೂ ಹೊನ್ನಳಿವೆಗೆ ಬರಲಿಲ್ಲವಂತೆ. ಬೊಮ್ಮು ಪೆಂಡೆಯ ಬಿಚ್ಚಿ ನಾಯಕರ ಮುಂದಿಟ್ಟು ದಂಡನೆ ಕೇಳಿದ. ನಾಯಕರು ಅದನ್ನು ಮುಟ್ಟಲಿಲ್ಲ. “ಅದನ್ನು ತೊಡಿಸಿದ ಕೈ ನನ್ನದು. ನಿನಗೆ ನಾನು ಏನು ದಂಡನೆ ಕೊಡಲಿ? ಊರು ನೋಡ್ತಿದೆಯಲ್ಲ, ಅದರ ಮುಂದೆ ಬದುಕು” ಎಂದು ಹೇಳಿ ಹಿಂದಿರುಗಿದರು. ಆ ವರ್ಷ ಪಂದ್ಯ ಪೂರ್ತಿಯಾಗಲಿಲ್ಲ. ಮುಂದಿನ ವರ್ಷಗಳಲ್ಲಿಯೂ ನಡೆಯಲಿಲ್ಲ.

ಬೊಮ್ಮು ಊರು ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಕೋಡಿಯ ಮೇಲೆ ತೆಂಗಿನ ಮಡಲಿನ ಗುಡಿಸಲು ಕಟ್ಟಿ, ದೋಣಿಯ ಹಗ್ಗವೊಂದನ್ನು ಮರಕ್ಕೆ ತೂಗುಹಾಕಿ, ಇಳಿತ ಭರತಗಳನ್ನು ಕಾಯುತ್ತ ಅಲ್ಲೇ ಉಳಿದ. ಊರವರು ಅವನನ್ನು ಬೈಯಲಿಲ್ಲ, ಕರೆಯಲೂ ಇಲ್ಲ. ಚಿಪ್ಪಿಗೆ ಹೋಗುವ ಹೆಂಗಸರು ಅವನ ಮುಂದೆ ಸೆರಗು ಎಳೆದುಕೊಂಡು ಮಾತಿಲ್ಲದೆ ಹಾದುಹೋಗುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ. ವರ್ಷಗಳು ಕಳೆದ ಮೇಲೆ, ಒಂದು ಬೆಳಿಗ್ಗೆ, ಬಂಡೆಯ ಮೇಲಿದ್ದ ದೇಮಿ ನೀರು ಭರತಕ್ಕೆ ತಿರುಗುವುದನ್ನು ಕಂಡು, ತಿರುಗಿ ನೋಡದೆಯೇ, “ಬೊಮ್ಮೂ!” ಎಂದು ಕೂಗಿದಳು. ಅವನು ಎದ್ದು ನಿಂತು, “ಕೇಳಿತು!” ಎಂದ. ಅವಳಿಗೆ ಅಪಾಯವೇನೂ ಇರಲಿಲ್ಲ; ಬುಟ್ಟಿ ಎತ್ತಿಕೊಂಡು ನಡೆದು ಬಂದಳು. ಆ ಕೂಗು ಕ್ಷಮೆಯೋ ಪರೀಕ್ಷೆಯೋ ಎಂದು ಹಿರಿಯರನ್ನು ಕೇಳಿದರೆ, ಅದು ದೇಮಿಗೆ ಗೊತ್ತು ಎನ್ನುತ್ತಾರೆ. ಗುಡಿಸಲು ಯಾವ ಮಳೆಗಾಲದಲ್ಲಿ ಬಿತ್ತು, ಬೊಮ್ಮು ಹೇಗೆ ತೀರಿಕೊಂಡ ಎಂಬುದು ಯಾರಿಗೂ ನೆನಪಿಲ್ಲ. ‘ಕೇಳಿತ್ತು ಕೋಡಿ’ ಜನರ ಬಾಯಲ್ಲಿ ಸವೆದು ಕೇಳ್ತಕೋಡಿಯಾಯಿತು.

ಈಗಲೂ ಬೆಳಿಗ್ಗೆ ಅಲ್ಲಿಗೆ ಹೋದವರು ಒಂದು ವಿಚಿತ್ರವನ್ನು ಕಾಣಬಹುದು. ಓಡುತ್ತ ಬರುವ ಊರಿನವರು ಫಲಕದ ಹತ್ತಿರ ಬಂದೊಡನೆ ಓಟ ನಿಲ್ಲಿಸುತ್ತಾರೆ. ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನನ್ನು ತೆಗೆದು ಕೈಯಲ್ಲಿ ಹಿಡಿಯುತ್ತಾರೆ. ಕೋಡಿಯ ಅಷ್ಟು ದೂರವನ್ನು ಕೆಳಗಿನ ಬಂಡೆಯ ಕಡೆ ನೋಡುತ್ತ ನಡೆದೇ ದಾಟುತ್ತಾರೆ. ಕಾರಣ ತಿಳಿಯದ ಪರಊರಿನವರೂ ಅವರನ್ನು ನೋಡಿ ನಡಿಗೆ ನಿಧಾನಿಸುತ್ತಾರೆ. ಭರತದ ಹೊತ್ತಾದರೆ ಬಂಡೆ ಕಾಣುವುದಿಲ್ಲ. ಅದಿರುವಲ್ಲಿ ನೀರು ಬೆಳ್ಳಗೆ ಒಡೆಯುತ್ತಿರುತ್ತದೆ. ತಿರುವಿನ ಸುರಹೊನ್ನೆಯ ಕೊಂಬೆಗೆ ಸುತ್ತಿ ತೂಗುಹಾಕಿದ ಒಂದು ಹಗ್ಗವಿದೆ. ಉಪ್ಪುಗಾಳಿಗೆ ಅದು ಹಳತಾದಂತೆಲ್ಲ ಕೇರಿಯ ಯಾರೋ ಬಂದು ಹೊಸದನ್ನು ಕಟ್ಟಿ ಹೋಗುತ್ತಾರೆ.