ಅಣ್ಣನ ಅಂಗಿಯ ಜೇಬು

ದೇಶ ಸುತ್ತಲು ಹೊರಟ ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ಹೊಸ ಅಂಗಿ ಹೊಲಿಸಿದ್ದೇನೆ. ಮೂರು ಜೇಬು ಇಡಿಸಿದ್ದೇನೆ. ದಾರಿಯಲ್ಲಿ ಯಾರನ್ನೂ ಏನೂ ಕೇಳುವ ಹಾಗಾಗಬಾರದು. ಏನೇನು ಇಟ್ಟುಕೊಂಡರೆ ಸಾಕು, ಹೇಳಿ."

ಗುರು ಅಂಗಿಯನ್ನು ಒಮ್ಮೆ ಮುಟ್ಟಿ ನೋಡಿದರು. ಹೊಲಿಗೆ ಚೆನ್ನಾಗಿದೆ ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ. ಅವನಿಗೊಬ್ಬ ಅಣ್ಣ, ಅವನೂ ಕಂಬಳಿ ವ್ಯಾಪಾರಿಯೇ. ಇಬ್ಬರೂ ಜೊತೆಯಾಗಿ ಸಂತೆಯಿಂದ ಸಂತೆಗೆ ತಿರುಗುತ್ತಿದ್ದರು. ತಮ್ಮನಿಗೆ ಕಂಬಳಿಯ ಗುಣ ಗೊತ್ತಿತ್ತು, ಗಿರಾಕಿಯ ಗುಣವೂ ಗೊತ್ತಿತ್ತು. ಮನೆ ಬಿಡುವಾಗ ಏನು ಹಿಡಿದುಕೊಳ್ಳಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಮೂಟೆಯ ಹುರಿ ಕೊಯ್ಯಲು ಅಣ್ಣನ ಚಾಕು ಕೇಳುತ್ತಿದ್ದ. ಬಿಚ್ಚಿಹೋದ ಅಂಚು ಹೊಲಿಯಲು ಅಣ್ಣನ ದಬ್ಬಣ. ಕಾಲಿಗೆ ಮುಳ್ಳು ಚುಚ್ಚಿದರೆ ಅಣ್ಣನ ಚಿಮಟ. ಊಟವಾದ ಮೇಲೆ ಎಲೆ ಅಡಿಕೆ ತನ್ನದೇ, ಅದಕ್ಕೆ ಹಚ್ಚುವ ಸುಣ್ಣ ಅಣ್ಣನದು. ಅಣ್ಣ ಗೊಣಗುತ್ತಲೇ ಕೊಡುತ್ತಿದ್ದ. ಕೊಡದೆ ಇದ್ದ ದಿನವಿಲ್ಲ.

ಒಮ್ಮೆ ತುಂಬಿದ ಸಂತೆಯಲ್ಲಿ ತಮ್ಮ ಚಾಕಿಗಾಗಿ ಕೈ ನೀಡಿದಾಗ ಅಣ್ಣ ಗಿರಾಕಿಗಳ ಎದುರೇ ಹೇಳಿದ: "ನನ್ನ ತಮ್ಮನಿಗೂ ಎರಡು ಜೇಬಿವೆ, ಸ್ವಾಮಿ. ಎರಡೂ ನನ್ನ ಅಂಗಿಯಲ್ಲಿವೆ."

ಕಂಬಳಿ ಕೊಳ್ಳಲು ಬಂದವರು ಚೌಕಾಸಿ ಮರೆತು ನಕ್ಕರು. ತಮ್ಮನಿಗೆ ಹೆಣ್ಣು ಕೊಡಬೇಕೆಂದಿದ್ದ ಮನೆಯವರೂ ಆ ಗುಂಪಿನಲ್ಲಿದ್ದರು. ಅವರೂ ನಕ್ಕರು.

ಆ ಸಂಜೆ ತಮ್ಮ ತನ್ನ ಮೂಟೆಯನ್ನು ಬೇರೆ ಕಟ್ಟಿದ. ಅಣ್ಣನ ಜೊತೆ ಮಾತು ಬಿಟ್ಟ. ಮುಂದಿನ ಊರಿನಲ್ಲಿ ದರ್ಜಿಯನ್ನು ಹುಡುಕಿ ಅಂಗಿಗೆ ಒಳಗೂ ಹೊರಗೂ ಜೇಬು ಹೊಲಿಸಿದ. ಮಡಚುವ ಚಾಕು, ದಬ್ಬಣ, ಹುರಿಯ ಉಂಡೆ, ಚಿಮಟ, ಅಡಕತ್ತರಿ, ಸುಣ್ಣದ ಡಬ್ಬಿ, ಹೀಗೆ ಒಂದೊಂದನ್ನೂ ಅಂಗಡಿ ಅಂಗಡಿ ಸುತ್ತಿ ಆರಿಸಿದ. ಚಾಕು ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು. ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು. ಕೂತರೆ ಯಾವುದೂ ಚುಚ್ಚಬಾರದು. ಹೆಣ್ಣು ಆರಿಸುವವರೂ ಅಷ್ಟು ವಿಚಾರಿಸುವುದಿಲ್ಲ. ಅವನ ಜೇಬಿಗೆ ಸುತ್ತಲಿನ ಸಂತೆಗಳಲ್ಲೆಲ್ಲ ಹೆಸರು ಬಂತು. ಯಾರಿಗೆ ಏನು ಬೇಕಾದರೂ ಅವನನ್ನೇ ಕೇಳಿದರು, ಅವನು ಕೊಟ್ಟ. ತಾನು ಮಾತ್ರ ಯಾರನ್ನೂ ಏನೂ ಕೇಳಲಿಲ್ಲ. ಪ್ರತಿ ಸಲ ಜೇಬಿಗೆ ಕೈ ಹಾಕಿದಾಗಲೂ ಆ ಹಳೆಯ ಜಗಳವನ್ನು ಮತ್ತೊಮ್ಮೆ ಗೆದ್ದ ಹಾಗೆ ಅವನಿಗೆ ಅನ್ನಿಸುತ್ತಿತ್ತು.

ಸಂತೆಗಳು ಅವೇ ಆದ್ದರಿಂದ ಇಬ್ಬರೂ ಎದುರಾಗದೆ ಇರುವಂತಿರಲಿಲ್ಲ. ಮಧ್ಯಾಹ್ನ ವ್ಯಾಪಾರಿಗಳೆಲ್ಲ ಹುಣಸೆ ಮರದ ಕಟ್ಟೆಯ ಮೇಲೆ ಕೂರುತ್ತಿದ್ದರು. ಅಷ್ಟು ಜಾಗವಿದ್ದರೂ ಅಣ್ಣ ಬಂದು ತಮ್ಮನ ಪಕ್ಕದಲ್ಲೇ ಕೂರುತ್ತಿದ್ದ. ಸುಣ್ಣದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಇಬ್ಬರ ನಡುವೆ ಇಡುತ್ತಿದ್ದ. ಆ ಸೀಮೆಯ ವ್ಯಾಪಾರಿಗಳಲ್ಲಿ ಮಾತು ಬಿಟ್ಟವರು ಮತ್ತೆ ಮಾತಾಡಲು ಇದ್ದ ದಾರಿ ಅದೊಂದೇ. ಕಿರಿಯವನು "ಸ್ವಲ್ಪ ಸುಣ್ಣ ಕೊಡು" ಅನ್ನಬೇಕು. ಹಿರಿಯವನು ಕೊಡಬೇಕು. ಅಲ್ಲಿಗೆ ಮುಗಿಯಿತು. ತಪ್ಪಾಯಿತು ಎನ್ನುವ ಕಷ್ಟ ಇಬ್ಬರಿಗೂ ಇಲ್ಲ.

ತಮ್ಮ ಬೀದಿಯ ಕಡೆ ಮುಖ ಮಾಡಿ ತನ್ನ ಡಬ್ಬಿಯನ್ನು ತೆಗೆಯುತ್ತಿದ್ದ.

ಒಂದು ಸಲ ಅವನ ಚಾಕು ಮುರಿಯಿತು. ಅಣ್ಣ ತನ್ನದನ್ನು ಸದ್ದಿಲ್ಲದೆ ಕಟ್ಟೆಯ ಮೇಲೆ ಅವನತ್ತ ಸರಿಸಿದ. ತಮ್ಮ ಹುರಿಯನ್ನು ಹಲ್ಲಿನಿಂದ ಕಚ್ಚಿ ಹರಿದ. ತುಟಿ ಕೊಯ್ದು ರಕ್ತ ಬಂತು. ಅಂದೇ ಎರಡು ಚಾಕು ಕೊಂಡ.

ಹೀಗೆಯೇ ಇಬ್ಬರಿಗೂ ವಯಸ್ಸಾಯಿತು. ಒಂದು ಸಂತೆಗೆ ಅಣ್ಣ ಬರಲಿಲ್ಲ. ಮುಂದಿನ ಸಂತೆಗೆ ಅವನ ಸಾವಿನ ಸುದ್ದಿ ಬಂತು.

ತಮ್ಮ ಅಣ್ಣನ ಮನೆಗೆ ಹೋದ. ಅತ್ತಿಗೆ ಬಾಗಿಲ ಬಳಿ ಕೂತಿದ್ದಳು. ಅವಳ ಎದುರು ಕೂತು ಹೇಳಿದ: "ಪ್ರತಿ ಸಂತೆಯಲ್ಲೂ ನನ್ನ ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದ, ಅತ್ತಿಗೆ."

ಅತ್ತಿಗೆ ತಲೆ ಎತ್ತಿದಳು. "ಯಾವ ಕಾಲದ ಮಾತು ಆಡುತ್ತೀಯಪ್ಪಾ? ಬಾಯಿ ಹುಣ್ಣಾಗಿ ನಿಮ್ಮಣ್ಣ ಎಲೆ ಬಿಟ್ಟು ವರ್ಷಗಳೇ ಆದವು. ಸುಣ್ಣ ಮಾತ್ರ ಬಿಡಲಿಲ್ಲ. ಸಂತೆಯ ದಿನ ಬೆಳಗಾದರೆ ಸಾಕು, ಒಣಗಿದ್ದು ತೆಗಿ, ಹೊಸದು ತುಂಬು ಅಂತ ಒಂದೇ ಸಮನೆ ಜೀವ ತಿನ್ನುತ್ತಿದ್ದರು. ನಿಮಗ್ಯಾಕೆ ಇದು ಅಂದರೆ, ಅವನು ಮರೆತು ಬಂದಿರುತ್ತಾನೆ ಅನ್ನುತ್ತಿದ್ದರು."

ತಮ್ಮ ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ದ. ಒಂದು ಸಲ ಅಣ್ಣನ ಮುಖ ನೋಡಿದ್ದರೂ ಗೊತ್ತಾಗುತ್ತಿತ್ತು, ಆ ಬಾಯಿ ಕೆಂಪಾಗಿಲ್ಲ ಎಂದು. ಅವನು ಬೀದಿ ನೋಡುತ್ತಿದ್ದ.

ಮುಂದಿನ ಸಂತೆಗೆ ಅವನು ಸುಣ್ಣದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದ. ಕೈಯಲ್ಲಿ ಎಲೆ ಹಿಡಿದು ಕಟ್ಟೆಯ ಮೇಲೆ ಕೂತ. ಕಟ್ಟೆಯ ತುಂಬ ಜನರಿದ್ದರು. ಅವನ ಜೇಬನ್ನು ಎಲ್ಲರೂ ಬಲ್ಲವರೇ ಆದ್ದರಿಂದ ಸುಣ್ಣ ಬೇಕೇ ಎಂದು ಯಾರೂ ಕೇಳಲಿಲ್ಲ. ಎಲೆ ಕೈಯಲ್ಲೇ ಬಾಡಿತು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಸುಣ್ಣದ ಡಬ್ಬಿ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಇಟ್ಟುಕೊಳ್ಳಲೇ, ಗುರುಗಳೇ?"

ಗುರು ಹೇಳಿದರು: "ನೀನು ಯಾರ ಜೊತೆ ಮಾತು ಬಿಟ್ಟಿದ್ದೀಯ, ಮೊದಲು ಅದನ್ನು ಹೇಳು."