ಐದು ಆಂಪಿಯರ್ ಯಾರದು?

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕರೆಂಟು ಒಲೆಯಾಗಲಿ, ನೀರು ಕಾಯಿಸುವ ಕಾಯಿಲ್ ಆಗಲಿ ಇಡುವಂತಿರಲಿಲ್ಲ. ಒಂದು ಬೆಳಿಗ್ಗೆ ವಾರ್ಡನ್ ಮೀಟರಿನ ಮುಂದೆ ನಿಂತು ಅಡುಗೆಯವಳನ್ನು ಕರೆಸಿದರು.

"ಇನ್ನೂರ ಮೂವತ್ತು ವೋಲ್ಟು, ಐದು ಆಂಪಿಯರ್. ಗುಣಿಸಿದರೆ ಸಾವಿರದ ನೂರೈವತ್ತು ವ್ಯಾಟು, ಭಾಗಿಸಿದರೆ ನಲವತ್ತಾರು ಓಮ್. ಕದ್ದು ಒಲೆ ಹಚ್ಚಿದ್ದೀಯ. ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಗುಣಿಸಿದ್ದು ನನ್ನದೋ ಭಾಗಿಸಿದ್ದು ನನ್ನದೋ, ಒಂದೂ ತಿಳೀಲಿಲ್ಲ ಅಮ್ಮಾವ್ರೆ. ಒಂದೊಂದೇ ಸ್ವಿಚ್ ಆರಿಸಿ ನೋಡೋಣ್ವಾ?"

ಅಡುಗೆಮನೆಯದನ್ನು ಆರಿಸಿದಳು. ಮೀಟರಿನ ಮುಳ್ಳು ಐದರಿಂದ ಅಲುಗಲಿಲ್ಲ. ಹುಡುಗಿಯರ ಕೋಣೆಗಳದನ್ನೂ ಆರಿಸಿದಳು. ಮುಳ್ಳು ಅಲ್ಲೇ ಇತ್ತು. ವಾರ್ಡನ್ ಗಲಿಬಿಲಿಯಾಗಿ ಮತ್ತೊಮ್ಮೆ ಗುಣಿಸಿದರು. ಉಳಿದದ್ದು ಅವರದೇ ಕೋಣೆ. ಅದನ್ನು ಆರಿಸಿದ್ದೇ ತಡ, ಮುಳ್ಳು ಸೊನ್ನೆಗೆ ಬಿತ್ತು.

ಒಳಗೆ ಬಕೆಟ್ಟಿನಲ್ಲಿ ಕಾಯಿಲ್ ಮುಳುಗಿತ್ತು. ನೀರು ಹಬೆಯಾಡುತ್ತಿತ್ತು.

"ಹಾಗಾದರೆ ಲೆಕ್ಕ ಎಲ್ಲಿ ತಪ್ಪಿತು?" ಎಂದರು ವಾರ್ಡನ್.

"ಲೆಕ್ಕ ಸರಿಯಾಗೇ ಇದೆ ಅಮ್ಮಾವ್ರೆ. ನಾಳೆಯಿಂದ ಯಾರು ಬರಬಾರದು, ಅದೊಂದು ಹೇಳಿಬಿಡಿ."