ಕೆಂಚವ್ವನ ಸಿಟ್ಟು

ಕೊಂಡಲಗೆರೆಯ ಕೆರೆಗೆ ಅಗಲವುಂಟು, ಆಳವಿಲ್ಲ. ಕೋಡಿ ಬಿದ್ದ ವರ್ಷವೂ ನಡುನೀರಿನಲ್ಲಿ ಎದೆಮಟ್ಟ ನಿಲ್ಲಬಹುದು. ಮೂಡಲ ಮೂಲೆಯಲ್ಲಿ ಮಾತ್ರ ಒಂದು ಮಡುವಿದೆ. ಅದರ ಅಂಚಿನಲ್ಲಿ ಅರ್ಧ ಹೂತುಹೋದ ಒರಳುಕಲ್ಲಿರುವ ಜಾಗವನ್ನು ‘ಕೆಂಚವ್ವನ ಸಿಟ್ಟು’ ಎನ್ನುತ್ತಾರೆ. ಒಳ್ಳೆಯ ದೇವರ ಹೆಸರಿಡಬಾರದಿತ್ತೇ ಎಂದು ಕೇಳುವ ಭಕ್ತರಿದ್ದಾರೆ. ಅಲ್ಲಿ ನಡೆದದ್ದರಲ್ಲಿ ದೇವರ ಕೈವಾಡವೇನೂ ಇಲ್ಲ.

ಹಿಂದೆ ಒಮ್ಮೆ ಮೂರು ವರ್ಷ ಮಳೆ ಕೈಕೊಟ್ಟಿತು. ನೀರು ಹಿಂದೆ ಸರಿದು ಕೆರೆಯಂಗಳ ಬಿರಿಯಿತು. ಉಳಿದ ನೀರು ಮಧ್ಯಾಹ್ನಕ್ಕೆ ಕಾದು, ಹಸಿರು ಪಾಚಿ ಕಟ್ಟಿ ನಾರತೊಡಗಿತು. ಮೀನುಗಳೆಲ್ಲ ಮಡುವಿಗೆ ಸೇರಿ, ಬಾಯಿ ಮೇಲೆತ್ತಿ ಉಸಿರಿಗೆ ಒದ್ದಾಡುತ್ತಿದ್ದವು. ನೀರಿನ ಮಟ್ಟ ತಿಳಿಯಲೆಂದು ಮಡುವಿನ ಅಂಚಿನಲ್ಲಿ ನೆಟ್ಟ ಗೂಟದ ತಲೆ ನೀರಿನ ಮೇಲೆ ಕಂಡ ದಿನ ಬಲೆಗಳನ್ನು ಗೋಡೆಗೆ ನೇತುಹಾಕಬೇಕೆಂಬುದು ಬೆಸ್ತರ ಕಟ್ಟಳೆ. ಒಳಗುಳಿದದ್ದು ಬೀಜದ ಮೀನು. ಮಳೆ ಬಂದಾಗ ಕೆರೆ ತುಂಬುವುದು ಅದರ ಸಂತಾನವೇ. ಕೇರಿಯ ಯಜಮಾನನ ಹೆಂಡತಿ ಕೆಂಚವ್ವ ಒಣಗಿದ ಅಂಗಳದಲ್ಲಿ ತಾವರೆ ಗೆಡ್ಡೆ ಅಗೆಯಲು ಹೋದವಳು ಗೂಟವಿದ್ದಲ್ಲಿ ಬರೀ ಕುಳಿ ಕಂಡಳು. ಗೂಟ ಹತ್ತು ಮಾರು ಒಳಗೆ, ಆಳದಲ್ಲಿ ನೆಟ್ಟಿತ್ತು. ನೆಟ್ಟವನು ಅವಳ ಗಂಡನೇ. ಗೂಟದ ತಲೆ ಇನ್ನೂ ಮುಳುಗಿದೆ, ಕಟ್ಟಳೆ ಎಲ್ಲಿ ಮುರಿದೆವು ಎಂದು ಗಂಡಸರು ನಗುತ್ತ ಬಲೆ ಬೀಸುತ್ತಿದ್ದರು. ಅವರು ಕೆಸರು ಕಲಕಿದಂತೆಲ್ಲ ಮರಿಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಆ ನಗು ಕೇಳಿ ಕೆಂಚವ್ವನ ಮೈಯೆಲ್ಲ ಉರಿಯಿತು. ಪರರು ಕದ್ದಿದ್ದರೆ ಬೈದು ಸುಮ್ಮನಾಗುತ್ತಿದ್ದಳೇನೋ. ಮನೆಗೆ ಹೋಗಿ, ಒರಳನ್ನು ಕಿತ್ತು, ಕೇರಿಯ ಹೆಂಗಸರ ಜೊತೆ ಕೆರೆಯಂಗಳದುದ್ದಕ್ಕೂ ಉರುಳಿಸಿ ತಂದು ಹಳೆಯ ಕುಳಿಯಲ್ಲೇ ಹೂತಳು.

“ಗೂಟ ಕಿತ್ತಂಗೆ ಇದನ್ನ ಕೀಳು, ನೋಡಾನ,” ಎಂದಳು.

“ಮಳೆ ಬರೋಗಂಟ ನಾನೇನು ತಿನ್ನಲೇ?” ಎಂದ ಗಂಡ.

“ಮೂರು ತಿಂಗ್ಳಿಂದ ನಿನಗೆ ಮೀನು ಬಡಿಸಿ ನಾನು ಗೆಡ್ಡೆ ತಿಂದೀನಿ. ನೀನು ಒಂದಿನನಾದ್ರೂ ಕೇಳಿದ್ಯಾ?”

ಅವನು ಬಲೆ ಸುತ್ತಿಕೊಂಡು ಹೋದನಂತೆ. ಅವನ ಹೆಸರನ್ನು ಕೇರಿಯವರು ಹೇಳುವುದಿಲ್ಲ; ನಾನೂ ಬರೆಯುವುದಿಲ್ಲ. ಮುಂದಿನ ಮುಂಗಾರಿಗೆ ಕೆರೆ ತುಂಬಿತು, ಬದುಕುಳಿದ ನಾಲ್ಕು ಮೀನಿನಿಂದಲೇ ಮತ್ತೆ ಮೀನಾಯಿತು ಎನ್ನುತ್ತಾರೆ.

ಇಂದಿಗೂ ಬರಗಾಲದಲ್ಲಿ ಅಲ್ಲಿಗೆ ಹೋದವರು ನೀರಿನಿಂದ ಮೇಲೆದ್ದ ಒರಳನ್ನೂ, ಕೇರಿಯ ಗೋಡೆಗಳ ಮೇಲೆ ಬಲೆಗಳನ್ನೂ ಕಾಣುತ್ತಾರೆ. ಊಟದ ಹೊತ್ತಿಗೆ ಹೋದರೆ ಇನ್ನೊಂದನ್ನೂ ಕಾಣಬಹುದು. ಒರಳು ಕಂಡ ದಿನದಿಂದ ಮಳೆ ಬೀಳುವವರೆಗೆ ಆ ಕೇರಿಯಲ್ಲಿ ಹೆಂಗಸರು ಮೊದಲು ಉಣ್ಣುತ್ತಾರೆ, ಗಂಡಸರು ಹೊರಗೆ ಜಗಲಿಯ ಮೇಲೆ ಕಾಯುತ್ತಾರೆ.